ಕರ್ಮಣಿ ಪ್ರಯೋಗ

ಇಪ್ಪತ್ತು ನಿಮಿಷ, ನೂರೈವತ್ತು ಪದ.
ನವನಗರದ ಬಾಡಿಗೆ ಮನೆ. ರಾತ್ರಿ ಪಾಳಿ ಮುಗಿಸಿ ಬಂದು,
ಕೈಗಿನ್ನೂ ವಾರ್ಡಿನ ಸ್ಪಿರಿಟ್ಟಿನ ವಾಸನೆ,
ರೊಟ್ಟಿ ಬುಟ್ಟಿ ಆಚೆ ಸರಿಸಿ
ಹಾಳೆ ಹಾಸಿಕೊಂಡು ಕೂತಿದ್ದೇನೆ.
ಮುಂದೆ ಎರಡು ನಕ್ಷೆ. ಒಂದೇ ಊರು,
ಆಗ, ಈಗ.

ಎಡಕ್ಕೆ ಮೀನು ಸಂತೆ, ಸೇಬಿನ ತೋಟ, ಒಂದು ಸಾಲು ಅಂಗಡಿ.
ಬಲಕ್ಕೆ ಅದೇ ಜಾಗದಲ್ಲಿ ಅಪಾರ್ಟ್‌ಮೆಂಟು, ಗಾಲ್ಫ್ ಮೈದಾನ,
ಕಾರು ನಿಲ್ಲಿಸಲು ಸಾಕಷ್ಟು ಸ್ಥಳ.

ಬೆಣ್ಣೂರ ಸರ್ ಹೇಳಿದ್ದಾರೆ:
ಇಲ್ಲಿ ನಿನ್ನ ಅಭಿಪ್ರಾಯ ಬ್ಯಾಡ.
ಚಲೋ ಆತು, ಕೆಟ್ಟಾತು ಅನಬ್ಯಾಡ.
ಯಾರು ಕೆಡವಿದ್ರು ಅಂತ ಯಾರೂ ಕೇಳೂದಿಲ್ಲ,
ಕೆಡವಲಾಯಿತು, ಅಷ್ಟ ಬರಿ.
ದಿಕ್ಕು ಬರಿ. ‘ಒಟ್ಟಾರೆ’ ಅನ್ನೂ ಸಾಲು ಮರೀಬ್ಯಾಡ,
ಅದಕ್ಕ ನಂಬರ್ ಅದಾವ.

ಇಂಗ್ಲಿಷಿನಲ್ಲಿ ಬರೆಯುತ್ತೇನೆ,
ಕನ್ನಡ ಒಳಗೊಳಗೇ ಹಿಂದೆ ಬರುತ್ತದೆ:
ಸಂತೆಯನ್ನು ತೆರವುಗೊಳಿಸಲಾಯಿತು.
ಮರಗಳನ್ನು ಕಡಿಯಲಾಯಿತು.
ಎಷ್ಟು ಸಲೀಸು!
ಹಿಡಿದ ಕೈಯೇ ಇಲ್ಲದ ಕೊಡಲಿ ತನ್ನ ಪಾಡಿಗೆ ಬೀಳುತ್ತದೆ.
ನಮ್ಮ ಕಡೆ ಹೀಗೆ ಮಾತಾಡುವುದು
ಸರಕಾರಿ ನೋಟೀಸು ಮಾತ್ರ.

ನಿಂಬೆವ್ವತ್ತಿ ಹೆಗಲ ಮೇಲಿಂದ ಬಗ್ಗಿದಳು.
ಅಕ್ಷರ ಬಾರದು, ನಕ್ಷೆ ಬರುತ್ತದೆ;
ಮುಳುಗಡೆ ಆಫೀಸಿನ ಮುಂದೆ ಎಷ್ಟೋ ವರ್ಷ ನಿಂತ ಕಾಲು.
“ಇದ್ಯಾವೂರ?”
ಯಾವೂರೂ ಅಲ್ಲತ್ತಿ, ಪರೀಕ್ಷಾದ ಊರು.
“ಮೀನ ಮಾರಾವ್ರು ಎಲ್ಲಿ ಹ್ವಾದ್ರು?”
ಅದನ್ನ ಬರೀಬಾರ್ದಂತ.
“ಪರಿಹಾರ ಬಂತೋ ಇಲ್ಲೋ?”
ಅದನ್ನೂ.
“ಹಂಗಾರ ಏನ್ ಬರೀತಿ, ಮಣ್ಣು?”

ಪೆನ್ಸಿಲು ಕಸಿದು ಹಾಳೆಯ ಬೆನ್ನಿಗೆ ಗೆರೆ ಎಳೆದಳು.
ಇದು ಘಟಪ್ರಭೆ. ಇದು ಕಿಲ್ಲಾದ ಓಣಿ.
ಇಲ್ಲಿ ನಿಮ್ಮಪ್ಪನ ಬಳಿ ಅಂಗಡಿ.
ಇಲ್ಲಿ ಹೊಳಿಗಿಳಿಯೂ ಪಾವಟಿಗಿ,
ಆರನೇದು ಸಡಲಿತ್ತು, ಕಾಲಿಟ್ರ ಟಕ್ ಅಂತಿತ್ತು.
ಇದು ನಮ್ಮ ಬಾಗಲಾ, ಕೆಂಪು ಬಣ್ಣದಾಗ ನಂಬರ್ ಹೊಡದು ಹ್ವಾದ್ರು.

ಯಾರು? ಅಂದೆ.

“ಚಾಳೀಸು ಹಾಕ್ಕೊಂಡಾಂವ ಒಬ್ಬ. ಜೋಡಿ ಒಂದ್ ಸಣ್ಣ ಹುಡುಗ,
ಬಣ್ಣದ ಡಬ್ಬಿ ಹಿಡಕೊಂಡಿತ್ತು.
ನೀರು ಕೇಳ್ತು, ಕೊಟ್ಟೆ.”

ಅಂದೇ ಸಂಜೆ ಗಡಿಯಾರ ಇಟ್ಟು ಬರೆದೆ.
ಎಡಕ್ಕೆ ಅತ್ತಿಯ ನಕ್ಷೆ, ಬಲಕ್ಕೆ ಬರೇ ನೀಲಿ.
ಪಾವಟಿಗೆಗೆ ಇಂಗ್ಲಿಷು ಸಿಕ್ಕಿತು,
ಟಕ್ ಎಂಬುದಕ್ಕೆ ಸಿಗಲಿಲ್ಲ.
ಕಡೆಗೊಂದು ಸಾಲು, ಕರ್ತರಿಯಲ್ಲೇ:
ನನ್ನ ಅತ್ತೆ ಆ ಹುಡುಗನಿಗೆ ನೀರು ಕೊಟ್ಟಳು.

ಸೋಮವಾರ ಹಾಳೆ ಮರಳಿ ಬಂತು.
ವ್ಯಾಕರಣ ಶುದ್ಧ. ದಿಕ್ಕು ಸರಿ.
ನೀರಿನ ಸಾಲಿನ ಮೇಲೆ ಕೆಂಪು ಗೆರೆ: ನಕ್ಷೆಯಲ್ಲಿಲ್ಲ.
ಆರೂವರೆ.
ಉಳಿದ ಹುಡುಗರು ಹೊರಬಿದ್ದ ಮೇಲೆ ಬೆಣ್ಣೂರ ಸರ್
ಬೋರ್ಡು ಒರೆಸುತ್ತ, ಬೆನ್ನು ತಿರುಗಿಸಿಕೊಂಡೇ ಕೇಳಿದರು:
“ಯಾವ ಪಾವಟಿಗಿ ಅದು? ಗುಡಿ ಕಡೇದೋ,
ಧೋಬಿಗಳು ಅರಿವಿ ಒಗ್ಯಾ ಕಡೇದೋ?”

“ಎಷ್ಟಕ್ಕ ಪಾಸು?” ಅತ್ತಿ ಕೇಳಿದಳು.
ಏಳಕ್ಕ.
“ಅರ್ಧಕ್ಕ ಹೋತೇನು?”
ಜೋಳ ಹಸನು ಮಾಡುತ್ತ ತುಸು ಹೊತ್ತು ಸುಮ್ಮನಿದ್ದಳು.
ಮೊರದಲ್ಲಿ ಹರಳು ಒಂದು ಕಡೆ ಸರಿಯಿತು.
“ನಮ್ಮನೀನೂ ಹಂಗ ಹೋತು. ಅರ್ಧ ಮೀಟರಿಗೆ.
ಅಳತಿ ಕೋಲು ಹಿಡದಾಂವ ಎರಡೆರಡು ಸಲ ನೋಡಿದ, ಪಾಪ.”

ಮೊಬೈಲಿಗೆ ಮತ್ತೆ ಇಪ್ಪತ್ತು ನಿಮಿಷ ಇಟ್ಟೆ.
ಈ ಸಲ ಗ್ರಾಫು. ಯಾವುದೋ ದೇಶದಲ್ಲಿ
ಚಹಾ ಕುಡಿಯುವವರು ಹೆಚ್ಚಿ, ಕಡಿಮೆಯಾಗಿ, ಮತ್ತೆ ಹೆಚ್ಚಿ.
“ಇದರಾಗ ಏನೈತಿ?” ಅಂದಳು.
ಚಾ, ಅಂದೆ.
ಮೊರ ಬದಿಗಿಟ್ಟು ಎದ್ದಳು, ಒಲೆ ಹಚ್ಚಲು.